ದೊಡ್ಡ ಎಸ್‌ಯುವಿ ತಗೊಳ್ಳುವ ಮುಂಚೆ ಕೊಟೇಶನ್ ಬಿಡಿಸಿ ನೋಡಿ

ಅಡಿಕೆ ದುಡ್ಡು ಕೈಗೆ ಬಂದಿದೆ, ನಮ್ಮ ಗುಂಪಿನಲ್ಲೇ ಇಬ್ಬರು ಮೂವರು 50 ಲಕ್ಷದ ಗಾಡಿ ವಿಚಾರಿಸುತ್ತಿದ್ದೀರಿ. ದಯವಿಟ್ಟು ಒಂದು ಮಾತು ಕೇಳಿ. ಬರೀ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆ ಹಿಡಿದು ಚೌಕಾಸಿ ಮಾಡಬೇಡಿ. ಒಂದೊಂದು ಸಾಲೂ ಬಿಡಿಸಿ ಕೇಳಿ.

20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಗಾಡಿಗೆ ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆಯೇ 18%, ಅದರ ಮೇಲೆ ಸೆಸ್. ಅದನ್ನು ಶೋರೂಮಿನವರು ಇಳಿಸಲು ಆಗುವುದಿಲ್ಲ. 1% ಟಿಸಿಎಸ್ (ಶೋರೂಮಿನವರು ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಹಿಡಿಯಬೇಕಾದ್ದು ವಿಮೆಯನ್ನು. ನನ್ನ ಕೊಟೇಶನ್‌ನಲ್ಲಿ 2.1 ಲಕ್ಷ ಬರೆದಿದ್ದರು. ಅದೇ ಐಡಿವಿ (ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ವಿಮೆಯವರು ಕೊಡುವ ಗರಿಷ್ಠ ಮೊತ್ತ), ಅದೇ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ರಿಪೇರಿ ಖರ್ಚು ಕೊಡುವ ವಿಮೆ) ಹೊರಗಡೆ ವಿಮೆಯವರ ಹತ್ತಿರ ಬರೆಸಿದರೆ 1.4 ಲಕ್ಷ. ಆ ಕಾಗದ ಮೇಜಿನ ಮೇಲಿಟ್ಟೆ. ಸೇಲ್ಸ್ ಹುಡುಗ ಮ್ಯಾನೇಜರ್ ರೂಮಿಗೆ ಹೋಗಿ ಬಂದವನು 1.5ಕ್ಕೆ ಇಳಿಸಿದ. 'ಹ್ಯಾಂಡ್ಲಿಂಗ್' (ಗಾಡಿ ತಂದು ಇಟ್ಟುಕೊಂಡಿದ್ದಕ್ಕೆ ಅಂತ ಹಾಕುವ ಚಾರ್ಜು) ಅಂತಿದ್ದ ಸಾಲಿಗೆ ಅವನೇ ಪೆನ್ನಿನಲ್ಲಿ ಗೀಟು ಹಾಕಿದ.

ಶಿವಮೊಗ್ಗದಲ್ಲಿ ಒಂದು ಕಡೆ ಕೇಳಿ ಸುಮ್ನೆ ಒಪ್ಪಬೇಡಿ. ಮಂಗಳೂರು, ಬೆಂಗಳೂರಿನಿಂದಲೂ ಕೊಟೇಶನ್ ತರಿಸಿ. ಗಾಡಿ ತಯಾರಾದ ತಿಂಗಳು ಕೇಳಿ. ಹೋದ ವರ್ಷದ್ದಾದರೆ ಇನ್ನೂ ಜಾಸ್ತಿ ಇಳಿಸಲೇಬೇಕು, ಮುಂದೆ ಮಾರುವಾಗ ಲಾಸ್ ಆಗುವುದು ನಿಮಗೇ ಅಲ್ವಾ? ಮುಂಗಡ ಕಟ್ಟುವ ಮೊದಲು ಕೊಟೇಶನ್ ಫೋಟೋ ನನಗೆ ಕಳಿಸಿ, ಕೂತು ನೋಡೋಣ.