ಹಳ್ಳಿಗಾಡಿನಲ್ಲಿ ಚಾರ್ಟರ್ ಶಾಲೆ: ಅರ್ಜಿಗೆ ಮುಂಚಿನ ಲೆಕ್ಕ

ಅಮೆರಿಕದಲ್ಲಿ ಚಾರ್ಟರ್ ಶಾಲೆಗಳಿಗೆ ಮೊದಲು ಕಾನೂನು ಮಾಡಿದ ರಾಜ್ಯ ಮಿನ್ನೆಸೋಟ, ಅದು 1991ರಲ್ಲಿ. ಸರ್ಕಾರದ ಹಣದಿಂದ ನಡೆಯುವ, ಶುಲ್ಕವಿಲ್ಲದ, ಆದರೆ ಸ್ವಂತ ಆಡಳಿತ ಮಂಡಳಿಯುಳ್ಳ ಈ ಶಾಲೆಗಳು ಹೆಚ್ಚಾಗಿ ನಗರಗಳಲ್ಲೇ ಬೆಳೆದವು. ಆ ಮಾದರಿಯನ್ನು ಇದ್ದಂತೆಯೇ ಹಳ್ಳಿಗೆ ತಂದರೆ ಮೊದಲ ವರ್ಷವೇ ಎಡವಬೇಕಾಗುತ್ತದೆ.

ಮೊದಲು ನಿಮ್ಮ ರಾಜ್ಯದ ಕಾನೂನನ್ನು ಓದಿ, ಚಾರ್ಟರ್, ಅಂದರೆ ಶಾಲೆ ನಡೆಸುವ ಅನುಮತಿ, ಕೊಡುವ ಅಧಿಕಾರ ಸ್ಥಳೀಯ ಶಾಲಾ ಜಿಲ್ಲೆಯದೋ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ), ರಾಜ್ಯ ಮಂಡಳಿಯದೋ, ವಿಶ್ವವಿದ್ಯಾಲಯದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಅನಂತರ ಮಕ್ಕಳನ್ನು ಎಣಿಸಬೇಕು. ಅನುದಾನ ಬಹುಪಾಲು ಮಕ್ಕಳ ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ, 120 ಮಕ್ಕಳನ್ನು ನಂಬಿ ಬಜೆಟ್ ಬರೆದ ಶಾಲೆಗೆ 100 ಮಕ್ಕಳಷ್ಟೇ ಬಂದರೆ ಆರನೇ ಒಂದು ಪಾಲು ಆದಾಯ ಖೋತಾ ಆಗುತ್ತದೆ. ಬಸ್ಸಿನ ಡೀಸೆಲ್, ಚಾವಣಿಯ ದುರಸ್ತಿ, ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಖರ್ಚು ಮಾತ್ರ ಒಂದಿಷ್ಟೂ ಇಳಿಯುವುದಿಲ್ಲ. ಆದ್ದರಿಂದ ಕಡಿಮೆ ಸಂಖ್ಯೆಗೇ ಬಜೆಟ್ ಹೊಂದಿಸಿ, ಎರಡು ಮೂರು ತರಗತಿಗಳಿಂದ ಆರಂಭಿಸಿ ವರ್ಷಕ್ಕೊಂದನ್ನು ಸೇರಿಸುತ್ತ ಹೋಗುವುದು ಕ್ಷೇಮ. ಅರ್ಜಿಗಳು ಸೀಟುಗಳನ್ನು ಮೀರಿದರೆ ಚೀಟಿ ಎತ್ತಬೇಕೆಂಬ ನಿಯಮವಿದೆ. ಹಳ್ಳಿಯಲ್ಲಿ ಅಂಥ ಸುಖದ ಸಂಕಟ ಅಪರೂಪ.

ಬಸ್ಸಿನ ವಿಷಯವನ್ನು ಕಾಗದದ ಮೇಲೆ ತೀರ್ಮಾನಿಸಬೇಡಿ. ಚಳಿಗಾಲದ ಒಂದು ಮುಂಜಾನೆ, ಇನ್ನೂ ಕತ್ತಲಿರುವಾಗಲೇ, ಗಡಿಯಾರ ಮತ್ತು ನೋಟ್‌ಬುಕ್ ಹಿಡಿದು ನೀವೇ ಇಡೀ ದಾರಿಯಲ್ಲಿ ವಾಹನ ಓಡಿಸಿ, ಪ್ರತಿ ಮನೆಯ ಮುಂದೆ ಒಂದು ನಿಮಿಷ ನಿಂತು ಸಮಯವನ್ನು ಬರೆದುಕೊಳ್ಳಿ. ಮೊದಲು ಹತ್ತುವ ಮಗು ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಬೇಕಾದರೆ, ಆ ಮನೆಯವರು ವರ್ಷ ಮುಗಿಯುವವರೆಗೂ ನಿಮ್ಮೊಂದಿಗಿರುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ.

ಕಟ್ಟಡಕ್ಕಾಗಿ ಮುಚ್ಚಿದ ಹಳೆಯ ಶಾಲೆಗಳನ್ನು ಹುಡುಕಬಹುದು. 20,000 ಮೀರದ ಜನಸಂಖ್ಯೆಯ ಊರುಗಳಿಗೆ ಅಮೆರಿಕದ ಕೃಷಿ ಇಲಾಖೆಯ ಸಮುದಾಯ ಸೌಲಭ್ಯ ಸಾಲವೂ ಇದೆ. ಆರಂಭದ ಖರ್ಚಿಗೆ ಒಕ್ಕೂಟ ಸರ್ಕಾರದ ಚಾರ್ಟರ್ ಶಾಲಾ ಕಾರ್ಯಕ್ರಮದ ಅನುದಾನ ನೆರವಾಗುತ್ತದೆಯಾದರೂ, ಅದು ಕೆಲವು ವರ್ಷಗಳಲ್ಲಿ ಮುಗಿಯುವ ಹಣವಾದ್ದರಿಂದ ಕಾಯಂ ಸಂಬಳಗಳನ್ನು ಅದಕ್ಕೆ ಕಟ್ಟಿಹಾಕಬಾರದು. ಅಂಗವಿಕಲ ಮಕ್ಕಳನ್ನು ನಿರಾಕರಿಸಲು ಒಕ್ಕೂಟದ ಕಾನೂನು ಬಿಡುವುದಿಲ್ಲ. ವಾಕ್ ಚಿಕಿತ್ಸಕರಂಥ ತಜ್ಞರನ್ನು ನೆರೆಯ ಶಾಲೆಗಳೊಂದಿಗೆ ಹಂಚಿಕೊಳ್ಳುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ.

ಈ ಒಪ್ಪಂದಕ್ಕೂ ಬೇಕಾದದ್ದು ಶಾಲಾ ಜಿಲ್ಲೆಯ ಸ್ನೇಹ. ನೀವು ಸೆಳೆಯುವ ಪ್ರತಿ ಮಗುವಿನೊಂದಿಗೆ ಅವರ ಅನುದಾನವೂ ಕರಗುತ್ತದೆ ಎಂಬ ಅವರ ದೂರು ನ್ಯಾಯವಾದದ್ದೇ. ಊರಿಗಿರುವುದು ಒಂದೇ ಶಾಲೆಯಾಗಿ, ಅದೂ ಮುಚ್ಚುವ ಹಂತದಲ್ಲಿದ್ದರೆ, ಎದುರಿಗೆ ಇನ್ನೊಂದನ್ನು ತೆರೆಯುವುದಕ್ಕಿಂತ ಅದನ್ನೇ ಚಾರ್ಟರ್ ಶಾಲೆಯಾಗಿ ಪರಿವರ್ತಿಸಲು ಕೇಳುವುದು ಮೇಲೆಂದು ನನ್ನ ಅಭಿಪ್ರಾಯ. ಆ ಮಾತುಕತೆಗೆ ಹೋಗುವಾಗ ಮಕ್ಕಳ ಎಣಿಕೆಯ ಪಟ್ಟಿಯನ್ನೂ ಬಸ್ಸಿನ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.