ಬಂಡೆಯ ಮುಂದೆ ಕೂಗುವ ಹೊತ್ತು: ಹಾಯಿದೋಣಿ ಪಂದ್ಯದಲ್ಲಿ ನನ್ನ ಅನುಭವ

ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಜಿಬ್ರಾಲ್ಟರ್ ರಾಕ್ ಎಂಬ ಬಂಡೆಯ ಮೇಲೆ 1992ರಲ್ಲಿ ನಿಲ್ಲಿಸಿದ ಬುದ್ಧನ ವಿಗ್ರಹವನ್ನು ನೋಡಲು ಬರುವವರು ಅದರ ಸುಮಾರು 18 ಮೀಟರ್ ಎತ್ತರವನ್ನು ಕತ್ತೆತ್ತಿ ನೋಡುತ್ತಾರೆ. ಪಂದ್ಯಕ್ಕಿಳಿದ ನಮ್ಮ ಕಣ್ಣು ಮಾತ್ರ ವಿಗ್ರಹದ ಬುಡದ ಕಟ್ಟೆಯ ಮೇಲೆಯೇ ಇರುತ್ತದೆ. ಕೆಲಸಕ್ಕೆಂದು ಕಲಬುರಗಿಯಿಂದ ಹೈದರಾಬಾದಿಗೆ ಬಂದು ಹಾಯಿದೋಣಿ ಕಲಿತ ಎರಡನೆಯ ವರ್ಷ, ಆ ಕಟ್ಟೆಯ ಮುಂದೆಯೇ ನಾನು ಗೆಳೆಯನೊಬ್ಬನ ದೋಣಿಗೆ ಡಿಕ್ಕಿ ಹೊಡೆದೆ. ಅಲ್ಲಿಂದ ಮುಂದೆ ತಡೆಗಳ, ಅಂದರೆ ದೋಣಿಯ ದಾರಿಗೆ ಅಡ್ಡವಾಗುವ ವಸ್ತುಗಳ, ಬಳಿಯ ನಿಯಮಗಳನ್ನು ನಾನು ಅಭ್ಯಾಸ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಗಾಳಿಗೆ ಎದುರಾಗಿ ನೇರವಾಗಿ ಸಾಗಲು ಯಾವ ಹಾಯಿದೋಣಿಗೂ ಸಾಧ್ಯವಿಲ್ಲದ ಕಾರಣ ನಾವು ಅಂಕುಡೊಂಕಾಗಿ ಹೋಗುತ್ತೇವೆ. ಗಾಳಿಯನ್ನು ಬಲಗಡೆಯಿಂದ ಪಡೆದು ಸಾಗುವಾಗ, ಅಂದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿರುವಾಗ, ನಮ್ಮ ಮುಖ ನೈರುತ್ಯಕ್ಕಿರುತ್ತದೆ. ಅಂದು ಎಡಕ್ಕೆ ಬಹಳ ದೂರ ಹೋಗಿದ್ದ ನಾವಿಬ್ಬರೂ ಹಾಗೆಯೇ ಬಂಡೆಯತ್ತ ಸಾಗುತ್ತಿದ್ದೆವು. ನಾನು ಗಾಳಿಯ ಕೆಳಬದಿಯಲ್ಲಿ ಅರ್ಧ ದೋಣಿಯಷ್ಟು ಮುಂದಿದ್ದೆ, ಅವನು ಗಾಳಿ ಬರುವ ಕಡೆಯಾದ ಮೇಲ್ಬದಿಯಲ್ಲಿದ್ದ. ನಾನು ತಿರುಗಬೇಕಾದರೆ ಅವನ ದಾರಿಯೊಳಗೇ ತಿರುಗಬೇಕಿತ್ತು. ಕಟ್ಟೆಯ ಕಲ್ಲುಗಳು ಎಣಿಸುವಷ್ಟು ಹತ್ತಿರ ಬಂದಾಗ ನಾನು "ರೂಮ್ ಟು ಟ್ಯಾಕ್" (ಟ್ಯಾಕ್ ಮಾಡಲು, ಅಂದರೆ ಮೂತಿಯನ್ನು ಗಾಳಿಗೆದುರಾಗಿ ಹಾಯಿಸಿ ಇನ್ನೊಂದು ಬದಿಗೆ ತಿರುಗಲು, ಜಾಗ ಕೊಡಿ) ಎಂದು ಕೂಗಿದೆ, ಕೂಗಿದ ಉಸಿರಿನಲ್ಲೇ ಚುಕ್ಕಾಣಿಯ ಹಿಡಿಯಾದ ಟಿಲ್ಲರನ್ನು ತಳ್ಳಿದೆ. ನನ್ನ ದೋಣಿಯ ಮೂತಿ ಅವನ ದೋಣಿಯ ಪಕ್ಕಕ್ಕೆ ಬಡಿದು ಅಂಗೈಯಗಲದ ಬಿರುಕು ಬಿಟ್ಟಿತು. ಅವನು ಕೂಡಲೇ "ಪ್ರೊಟೆಸ್ಟ್", ಅಂದರೆ ದೂರು ಕೊಡುತ್ತೇನೆ, ಎಂದು ಕೂಗಿದ. ಆರು ಮೀಟರಿಗಿಂತ ಚಿಕ್ಕ ದೋಣಿಗಳಾದ್ದರಿಂದ ಕೆಂಪು ಬಾವುಟ ತೋರಿಸುವ ಅಗತ್ಯವಿರಲಿಲ್ಲ.

ಸಂಜೆಯ ವಿಚಾರಣೆಯಲ್ಲಿ ನ್ಯಾಯ ನನ್ನ ಕಡೆಗಿದೆಯೆಂದೇ ನಾನು ನಂಬಿದ್ದೆ. ಹಾಯಿದೋಣಿ ಪಂದ್ಯಗಳ ನಿಯಮಾವಳಿಯ ಹನ್ನೊಂದನೆಯ ನಿಯಮದ ಪ್ರಕಾರ ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಸಾಗುವಾಗ ಮೇಲ್ಬದಿಯ ದೋಣಿಯೇ ದೂರ ಸರಿಯಬೇಕು, ಎದುರಿಗೆ ಬಂಡೆಯಿತ್ತು, ನಾನು ಕೂಗಿಯೂ ಇದ್ದೆ. ನಾನು ಕೆಳಗೆ, ಅಂದರೆ ಗಾಳಿಯಿಂದ ಆಚೆಗೆ, ತಿರುಗಿ ಬಂಡೆಯನ್ನು ಬಳಸಿ ಹೋಗಬಹುದಿತ್ತೆಂದು ಗೆಳೆಯ ವಾದಿಸಿದಾಗ ಸಮಿತಿ ಅದನ್ನು ಒಪ್ಪಲಿಲ್ಲ, ಏಕೆಂದರೆ ಆ ಆಯ್ಕೆ ದಾರಿಯ ಹಕ್ಕುಳ್ಳ ಕೆಳಬದಿಯ ದೋಣಿಗೆ ಸೇರಿದ್ದು. ಅಷ್ಟಾದರೂ ಅನರ್ಹನಾದವನು ನಾನೇ. ಇಪ್ಪತ್ತನೆಯ ನಿಯಮ ಕೂಗುವ ಹಕ್ಕನ್ನು ಕೊಟ್ಟು, ಕೂಗಿದ ಮೇಲೆ ಎದುರಿನವರಿಗೆ ಉತ್ತರಿಸಲು ಸಮಯ ಕೊಡಬೇಕೆಂದೂ ಹೇಳುತ್ತದೆ. ನಾನು ಆ ಸಮಯವನ್ನು ಕೊಟ್ಟಿರಲಿಲ್ಲ. ನಮಗೆ ಕಲಿಸುತ್ತಿದ್ದವರು ಬೆಳಗಾವಿ ಕಡೆಯ ನಿವೃತ್ತ ಸೈನಿಕರು. ಹೊರಗೆ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೂಗಿದ್ದು ಖರೆ ಐತ್ರಿ, ಆದ್ರ ಅವ್ರು ಏನಂತಾರ ಅಂತ ಕೇಳಾಕ ಎಷ್ಟೊತ್ತು ಕಾದ್ರಿ?"

ಆ ಪ್ರಶ್ನೆಗೆ ಉತ್ತರವನ್ನು ಸೆಕೆಂಡುಗಳಲ್ಲಿಯೇ ಹುಡುಕಬೇಕಾಯಿತು. ನನ್ನದು ಐ.ಎಲ್.ಸಿ.ಎ. ದರ್ಜೆಯ, ಒಬ್ಬರೇ ನಡೆಸುವ ದೋಣಿ; ಅದರ ಉದ್ದ 4.23 ಮೀಟರ್. ಒಳ್ಳೆಯ ಗಾಳಿಯಲ್ಲಿ ಐದು ನಾಟ್ ವೇಗ ಸಿಕ್ಕಿತೆಂದರೆ ಅದು ಸೆಕೆಂಡಿಗೆ ಎರಡೂವರೆ ಮೀಟರ್ ಸಾಗುತ್ತದೆ, ಅಂದರೆ ಒಂದು ದೋಣಿಯುದ್ದ ಎರಡು ಸೆಕೆಂಡೂ ಹಿಡಿಯುವುದಿಲ್ಲ. ಮೇಲ್ಬದಿಯವನು ಕೂಗನ್ನು ಕೇಳಿ, ತನ್ನ ಹಿಂದೆ ಮುಂದೆ ನೋಡಿ, ಉತ್ತರಿಸಲು ಮೂರು ನಾಲ್ಕು ಸೆಕೆಂಡು ಬೇಕು. ನಾನು ತಿರುಗಿ ಮತ್ತೆ ವೇಗ ಹಿಡಿಯಲು ಇನ್ನಷ್ಟು ಬೇಕು. ನಾನು ಅಂದು ಕೂಗಿದ್ದು ಎರಡು ದೋಣಿಯುದ್ದದಲ್ಲಿ, ಕೂಗಬೇಕಿದ್ದದ್ದು ಆರರಲ್ಲಿ. ಆದರೆ ಈ ಆರನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪೇ. ಗಾಳಿ ಸತ್ತು ಎರಡು ನಾಟ್‌ಗೆ ಇಳಿದಾಗ ಅದೇ ಆರು ದೋಣಿಯುದ್ದ ಸಾಗಲು ಸುಮಾರು ಇಪ್ಪತ್ತೈದು ಸೆಕೆಂಡು ಹಿಡಿಯುತ್ತದೆ, ಮತ್ತು ತಡೆಯಿಂದ ಪಾರಾಗಲು ಬೇಗನೆ ದಿಕ್ಕನ್ನು ಗಣನೀಯವಾಗಿ ಬದಲಿಸಬೇಕಾದ ಸ್ಥಿತಿಯಲ್ಲಿ ಇಲ್ಲದವರು ಕೂಗಲೇಬಾರದೆಂದು ನಿಯಮ ಹೇಳುತ್ತದೆ. ಆದ್ದರಿಂದ ನಾನು ದೂರವನ್ನು ಬಿಟ್ಟು ಹೊತ್ತನ್ನು ಅಳೆಯಲು ಕಲಿತೆ. ಲಂಗರು ಹಾಕಿದ ಒಂದು ತೇಲುಗುಂಡನ್ನು ಬಂಡೆಯೆಂದು ಭಾವಿಸಿ, ಅದರತ್ತ ಸಾಗುತ್ತಾ ಗಟ್ಟಿಯಾಗಿ ಕೂಗಿ, ನಾಲ್ಕರವರೆಗೆ ಎಣಿಸಿ, ಆಮೇಲೆ ತಿರುಗಿ, ತೇಲುಗುಂಡಿಗೂ ದೋಣಿಗೂ ನಡುವೆ ಎಷ್ಟು ನೀರು ಉಳಿಯಿತೆಂದು ನೋಡುವುದು: ಒಂದು ಇಡೀ ಮಳೆಗಾಲ ಭಾನುವಾರದ ಪಂದ್ಯಕ್ಕೆ ಮುಂಚೆ ಇದನ್ನೇ ಮಾಡಿದೆ.

ಯಾವುದು ತಡೆ, ಯಾವುದು ಅಲ್ಲ ಎಂಬುದರಲ್ಲಿಯೂ ಹೊಸಬರು ಎಡವುತ್ತಾರೆ. ವಸ್ತುವಿನತ್ತ ನೇರವಾಗಿ ಸಾಗುತ್ತಾ ಅದರಿಂದ ಒಂದು ದೋಣಿಯುದ್ದದಲ್ಲಿರುವಾಗ, ದಿಕ್ಕನ್ನು ಗಣನೀಯವಾಗಿ ಬದಲಿಸದೆ ಅದನ್ನು ದಾಟಲಾಗದಿದ್ದರೆ ಅದು ತಡೆ. ಬುದ್ಧನ ಕಟ್ಟೆ, ಕೆರೆಯ ಏರಿ, ವಿಗ್ರಹಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಲಾಂಚ್ ಎಲ್ಲವೂ ತಡೆಗಳೇ. ಟಿಲ್ಲರನ್ನು ಸ್ವಲ್ಪ ಅಲುಗಿಸಿದರೆ ತಪ್ಪಿಸಬಹುದಾದ ಪುಟ್ಟ ತೇಲುಗುಂಡು ತಡೆಯಲ್ಲ. ಪಂದ್ಯದಲ್ಲಿರುವ ಇನ್ನೊಂದು ದೋಣಿ, ನಾವು ಅದಕ್ಕೆ ದಾರಿ ಬಿಡಲೇಬೇಕಾದ ಸ್ಥಿತಿಯಲ್ಲಿದ್ದಾಗ ಮಾತ್ರ ನಮಗೆ ತಡೆಯಾಗುತ್ತದೆ.

ನನಗೆ ಅತ್ಯಂತ ಚೆಂದವೆನಿಸುವ ಸಂದರ್ಭ ಹುಟ್ಟುವುದು ಇಲ್ಲಿಯೇ. ಗಾಳಿಯನ್ನು ಎಡಗಡೆಯಿಂದ ಪಡೆದು, ಪೋರ್ಟ್ ಟ್ಯಾಕ್‌ನಲ್ಲಿ ಎರಡು ದೋಣಿಗಳು ಅಕ್ಕಪಕ್ಕ ಸಾಗುತ್ತಿವೆ. ಎದುರಿನಿಂದ ಸ್ಟಾರ್‌ಬೋರ್ಡ್ ದೋಣಿಯೊಂದು ಅಡ್ಡ ಬರುತ್ತಿದೆ. ಹತ್ತನೆಯ ನಿಯಮದಂತೆ ಎರಡೂ ಅದಕ್ಕೆ ದಾರಿ ಬಿಡಬೇಕು. ಕೆಳಬದಿಯವರು ತಿರುಗಲು ಜಾಗ ಕೇಳಿ ಕೂಗಬಹುದು, ಇಲ್ಲವೆ ಕೆಳಗೆ ತಿರುಗಿ ಆ ದೋಣಿಯ ಹಿಂಬದಿಯಿಂದ ಹಾದುಹೋಗಬಹುದು. ಎರಡನೆಯದನ್ನು ಆರಿಸಿಕೊಂಡ ಕ್ಷಣವೇ ಲೆಕ್ಕ ತಲೆಕೆಳಗಾಗುತ್ತದೆ: ಮೇಲ್ಬದಿಯ ದೋಣಿ ತಡೆಯ, ಅಂದರೆ ಸ್ಟಾರ್‌ಬೋರ್ಡ್ ದೋಣಿಯ, ಒಳಮಗ್ಗುಲಿಗೆ ಬರುವುದರಿಂದ, ಅದೂ ಹಿಂಬದಿಯಿಂದ ಹಾಯಲು ಹೊರಬದಿಯವರು, ಅಂದರೆ ಕೆಳಬದಿಯ ದೋಣಿಯವರು, ಹತ್ತೊಂಬತ್ತನೆಯ ನಿಯಮದ ಪ್ರಕಾರ ಜಾಗ ಕೊಡಬೇಕು. ದಾರಿಯ ಹಕ್ಕು ತನ್ನದೆಂದು ಸ್ಟಾರ್‌ಬೋರ್ಡ್ ದೋಣಿಯ ಬೆನ್ನಿಗೆ ಅಂಟಿಕೊಂಡು ಹೋಗಿ, ಪಕ್ಕದವರನ್ನು ಸಿಕ್ಕಿಸಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೂಗನ್ನು ಕೇಳಿಸಿಕೊಳ್ಳುವವರ ಹೊಣೆ ಕೂಗುವವರದಕ್ಕಿಂತ ಕಠಿಣವೆಂದು ನನ್ನ ಅಭಿಪ್ರಾಯ. ಕೂಗು ತಪ್ಪೆನಿಸಿದರೂ ಸ್ಪಂದಿಸಲೇಬೇಕು. ಜಗಳವನ್ನು ಆಮೇಲೆ ಪ್ರೊಟೆಸ್ಟ್ ಮೂಲಕ ಹೂಡಬೇಕು. ಸ್ಪಂದಿಸುವುದೆಂದರೆ ಆದಷ್ಟು ಬೇಗ ತಾವೇ ಟ್ಯಾಕ್ ಮಾಡುವುದು, ಅಥವಾ ಕೂಡಲೇ "ಯು ಟ್ಯಾಕ್" (ನೀವೇ ತಿರುಗಿ) ಎಂದು ಹೇಳಿ, ಅವರು ತಿರುಗಿ ತಪ್ಪಿಸಿಕೊಳ್ಳಲು ಬೇಕಾದಷ್ಟು ಜಾಗ ಬಿಡುವುದು. "ಯು ಟ್ಯಾಕ್" ಎಂಬ ಮಾತು ಬಾಯಿಗೆ ಸುಲಭ. ಒಮ್ಮೆ ಅದನ್ನು ಹೇಳಿ, ತಿರುಗುವ ದೋಣಿಯ ಹಿಂದಿನಿಂದ ನುಸುಳುತ್ತೇನೆಂದು ಲೆಕ್ಕ ಹಾಕಿದ್ದೆ. ಹಾಯಿಯನ್ನು ಹಿಡಿದಿಡುವ ಹಗ್ಗವಾದ ಮೇನ್‌ಶೀಟನ್ನು ಸಡಿಲಿಸುವುದು ಅರೆಕ್ಷಣ ತಡವಾಗಿ, ನನ್ನ ದೋಣಿ ಕೆಳಗೆ ತಿರುಗಲೇ ಇಲ್ಲ, ಅವರು ಅರ್ಧ ತಿರುಗಿ ನಿಲ್ಲಬೇಕಾಯಿತು. ಯಾರೂ ಹೇಳುವ ಮೊದಲೇ ದೂರ ಸರಿದು, ಎರಡು ಸುತ್ತಿನ ದಂಡ ತೆಗೆದುಕೊಂಡೆ: ಎರಡು ಟ್ಯಾಕ್, ಎರಡು ಜೈಬ್ (ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಇನ್ನೊಂದು ಬದಿಗೆ ಹೊರಳಿಸಿ ತಿರುಗುವುದು), ಒಂದೇ ದಿಕ್ಕಿನಲ್ಲಿ.

ಪಂದ್ಯ ಆರಂಭವಾಗುವಾಗ ಲಂಗರು ಹಾಕಿ ನಿಂತ ಸಮಿತಿಯ ದೋಣಿಯ ಬಳಿ ಜಾಗ ಕೇಳಿ ಕೂಗುವವರಿಗೆ ಒಂದೇ ಮಾತು: ಅದರಂತೆ ಸುತ್ತಲೂ ನೀರಿರುವ ಆರಂಭದ ಗುರುತಿಗೆ ಈ ನಿಯಮಗಳು ಆಗ ಅನ್ವಯಿಸುವುದಿಲ್ಲ. ಏರಿಯ ಉದ್ದಕ್ಕೂ ಸಾಗುವಾಗಲೂ ಎಚ್ಚರ ಬೇಕು. ಹಿಂದಿನಿಂದ ಬಂದು ಮುಂದಿನ ದೋಣಿಗೂ ಏರಿಗೂ ನಡುವೆ ಮೂತಿ ತೂರಿಸುವವರಿಗೆ, ತೂರಿಸಿದ ಆ ಕ್ಷಣದಲ್ಲಿ ಅಲ್ಲಿ ಹಾಯುವಷ್ಟು ಜಾಗವಿರದಿದ್ದರೆ, ಜಾಗ ಕೇಳುವ ಹಕ್ಕಿಲ್ಲ.

ಕಳೆದ ಮಳೆಗಾಲದಲ್ಲಿ ಮತ್ತೆ ಅದೇ ಕಟ್ಟೆಯತ್ತ ಸಾಗುತ್ತಿದ್ದೆ. ಗಾಳಿಯ ಸದ್ದಿಗೆ ಕೂಗು ಕೇಳದೇ ಹೋಗಬಹುದಾದಾಗ ಸನ್ನೆಯನ್ನೂ ಮಾಡಬೇಕೆಂಬ ನಿಯಮವಿರುವುದರಿಂದ, ಕೈಯೆತ್ತಿ ತೋರಿಸುತ್ತಾ ಕೂಗಿದೆ. ಮೇಲ್ಬದಿಯಲ್ಲಿದ್ದ ಹುಡುಗಿ ತಿರುಗಿ ನೋಡಿ "ಯು ಟ್ಯಾಕ್" ಎಂದಳು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ ನನ್ನ ದೋಣಿಯ ಮೂತಿ ತಾನಾಗಿಯೇ ಬಲಕ್ಕೆ ಏರಿತು. ತಿರುಗದಿದ್ದರೂ ಬಂಡೆಯನ್ನು ದಾಟಿಬಿಡಬಹುದಿತ್ತು. ಆದರೆ ಅವಳು ಉತ್ತರ ಕೊಟ್ಟಾಗಿತ್ತು. ಉತ್ತರ ಬಂದ ಮೇಲೆ ಕೂಗಿದವರು ಆದಷ್ಟು ಬೇಗ ಟ್ಯಾಕ್ ಮಾಡಬೇಕು. ನಾನು ಟಿಲ್ಲರನ್ನು ತಳ್ಳಿ ಹಾಯಿಯ ಬುಡದ ಅಡ್ಡಕೋಲಾದ ಬೂಮಿನ ಕೆಳಗೆ ತಲೆ ತಗ್ಗಿಸಿದೆ. ಅವಳು ಮೇನ್‌ಶೀಟನ್ನು ಸಡಿಲಿಸಿ, ನನ್ನ ಚುಕ್ಕಾಣಿಯಿಂದ ಒಂದು ಮೊಳ ದೂರದಲ್ಲಿ ಹಿಂದಿನಿಂದ ಹಾದು, ಆ ಹೊಸ ಗಾಳಿಯಲ್ಲೇ ಬಂಡೆಯನ್ನು ದಾಟಿ ಮುಂದೆ ಹೋದಳು.