43 ಇಂಚಿನ ಟಿವಿಯನ್ನು ಮಾನಿಟರ್ ಮಾಡಿಕೊಂಡ ಬಗೆ

ಡಬ್ಬದಿಂದ ತೆಗೆದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಕೂಡಲೇ ಕಂಡದ್ದು ಇಷ್ಟು: ಅಕ್ಷರಗಳ ಸುತ್ತ ಬಿಳಿ ಅಂಚು, ಅರ್ಧ ಟಾಸ್ಕ್‌ಬಾರ್ ಪರದೆಯಿಂದಾಚೆ, ಮೌಸ್ ಸರಿಸಿದರೆ ತಡವಾಗಿ ಕುಂಟುತ್ತ ಬರುವ ಬಾಣ. ಪ್ಯಾನೆಲ್‌ನಲ್ಲಿ ದೋಷವೇನೂ ಇರಲಿಲ್ಲ. ಬರುವುದೆಲ್ಲ ಸಿನಿಮಾ ಎಂದುಕೊಂಡು ಟಿವಿ ಅದನ್ನು ಚಂದ ಮಾಡಲು ಹೊರಡುತ್ತದೆ. ಆ ಉಪಕಾರಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುವುದೇ ಇಲ್ಲಿನ ಕೆಲಸ.

ಗಾತ್ರದ ಲೆಕ್ಕ ಮೊದಲು. 43 ಇಂಚಿನಲ್ಲಿ 3840×2160 (4ಕೆ) ಎಂದರೆ ಇಂಚಿಗೆ ಸುಮಾರು 102 ಪಿಕ್ಸೆಲ್. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ 92. ಹಾಗಾಗಿ ಸ್ಕೇಲಿಂಗ್ (ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸುವ ಪ್ರಮಾಣ) 100%ರಲ್ಲೇ ಇಟ್ಟರೂ ಓದಲು ತೊಂದರೆಯಿಲ್ಲ. ಅಗ್ಗಕ್ಕೆ ಸಿಗುತ್ತದೆಂದು 32 ಇಂಚಿನ 'ಎಚ್‌ಡಿ ರೆಡಿ' ಟಿವಿ ತರಬೇಡಿ. 1366×768ರಲ್ಲಿ ಇಂಚಿಗೆ 49 ಪಿಕ್ಸೆಲ್ ಅಷ್ಟೇ. ಇಂಗ್ಲಿಷ್ ಹೇಗೋ ಓದಿಸಿಕೊಳ್ಳುತ್ತದೆ. 'ಸ್ವಾತಂತ್ರ್ಯ' ಬರೆದು ನೋಡಿ, ಕೆಳಗಿನ ರ ಒತ್ತು, ಯ ಒತ್ತು ಎರಡೂ ಅಂಟಿಕೊಂಡು ಮಸಿಚುಕ್ಕೆಯಾಗುತ್ತವೆ.

ಕತ್ತರಿಸಿದ ಅಂಚುಗಳಿಗೆ ಕಾರಣ, ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಪರದೆಯಾಚೆ ತಳ್ಳುವ ಓವರ್‌ಸ್ಕ್ಯಾನ್. ಪಿಕ್ಚರ್ ಸೈಜ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಫಿಟ್ ಟು ಸ್ಕ್ರೀನ್' ಅಥವಾ ಅಂಥದೇ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಮುಗಿಯಿತು. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಚಿತ್ರವನ್ನು ಕುಗ್ಗಿಸಿ ಸರಿಪಡಿಸಲು ಹೋಗಬೇಡಿ. ಹಾಗೆ ಮಾಡಿದರೆ ಚಿತ್ರ ಎರಡು ಸಲ ಹಿಗ್ಗಿ ಕುಗ್ಗಿ ಅಕ್ಷರವೆಲ್ಲ ಮಂಜಾಗುತ್ತದೆ.

ಹೆಚ್ಚು ಹೊತ್ತು ತಿಂದದ್ದು ಬಣ್ಣದ ವಿಷಯ. 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಬಣ್ಣ ಕಡಿತವಿಲ್ಲದೆ, ಅಂದರೆ 4:4:4ರಲ್ಲಿ, ಕಳಿಸಲು ಎಚ್‌ಡಿಎಂಐ 2.0ರ ಸೆಕೆಂಡಿಗೆ 18 ಗಿಗಾಬಿಟ್ ವೇಗ ಪೂರ್ತಿ ಬೇಕು. ಹಲವು ಟಿವಿಗಳು ಹೊಸದರಲ್ಲಿ ಪೋರ್ಟನ್ನು ಹಳೆಯ ವೇಗದಲ್ಲೇ ಇಟ್ಟಿರುತ್ತವೆ. ಆಗ 60 ಹರ್ಟ್ಸ್ ಸಿಕ್ಕರೂ 4:2:0ರಲ್ಲಿ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಅಕ್ಷರದಲ್ಲಿ ಗೊತ್ತಾಗುತ್ತದೆ. ಪೇಂಟ್‌ನಲ್ಲಿ ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದು ನೋಡಿ: ಗೆರೆಗಳು ಕಲಸಿದ ಕುಂಕುಮದಂತೆ ಹರಡಿದ್ದರೆ ಬಣ್ಣ ಕಡಿತವಾಗುತ್ತಿದೆ ಎಂದರ್ಥ.

ಇದಕ್ಕೆ ಎರಡು ಬದಲಾವಣೆ ಬೇಕು, ಒಂದೇ ಸಾಲದು. ಪೋರ್ಟಿನ ವೇಗ ತೆರೆಯುವುದು ಮೊದಲನೆಯದು: ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸೋನಿಯಲ್ಲಿ 'ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್'. ಆಮೇಲೆ ಆ ಇನ್‌ಪುಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಿ. ಬರೀ ಹೆಸರಲ್ಲವೇ ಎನಿಸುತ್ತದೆ, ಆದರೆ ಹಲವು ಟಿವಿಗಳು ಆ ಹೆಸರು ನೋಡಿದ ಮೇಲೆಯೇ 4:4:4 ತೋರಿಸುತ್ತವೆ. ಡೆಸ್ಕ್‌ಟಾಪ್ ಕೆಲಸಕ್ಕೆ ಎಚ್‌ಡಿಆರ್ (ಬೆಳಕು-ಬಣ್ಣದ ವ್ಯಾಪ್ತಿ ಹಿಗ್ಗಿಸುವ ಸೌಲಭ್ಯ) ಆಫ್ ಮಾಡಿಬಿಡಿ. ಅದರ ಜೊತೆ 10 ಬಿಟ್ ಬಣ್ಣ ಬಂದರೆ 18 ಗಿಗಾಬಿಟ್ಟಿನಲ್ಲಿ 4:4:4ಕ್ಕೆ ಜಾಗ ಉಳಿಯುವುದಿಲ್ಲ.

ಮೌಸ್ ಕುಂಟುತ್ತಿದ್ದದ್ದಕ್ಕೆ ಕಾರಣ ಟಿವಿಯಲ್ಲೂ ಇತ್ತು, ಲ್ಯಾಪ್‌ಟಾಪ್‌ನಲ್ಲೂ ಇತ್ತು. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು 30 ಹರ್ಟ್ಸ್‌ಗಷ್ಟೇ ಕೊಡುತ್ತದೆ. ಅಗ್ಗದ ಟೈಪ್-ಸಿ ಅಡಾಪ್ಟರುಗಳಲ್ಲೂ ಬಹಳಷ್ಟು ಹೀಗೆಯೇ. ಮೇಲೆ '4ಕೆ' ಎಂದಿದ್ದರೆ ಸಾಲದು, '60 ಹರ್ಟ್ಸ್' ಎಂದೂ ಇರಬೇಕು. ಟಿವಿಯ ಕಡೆ 'ಗೇಮ್ ಮೋಡ್' ಹಾಕಿದರೆ ಚಿತ್ರದ ಸಂಸ್ಕರಣೆ ತಗ್ಗಿ ತಡ ಕಡಿಮೆಯಾಗುತ್ತದೆ. ಎರಡು ಮೀಟರಿನ 'ಪ್ರೀಮಿಯಂ ಹೈ ಸ್ಪೀಡ್' ಕೇಬಲ್ ಸಾಕು. ನಡುನಡುವೆ ಪರದೆ ಎರಡು ಸೆಕೆಂಡು ಕಪ್ಪಾದರೆ ಮೊದಲು ಕೇಬಲ್ಲನ್ನೇ ಅನುಮಾನಿಸಿ.

ಅಕ್ಷರದ ಸುತ್ತಲಿನ ಬಿಳಿ ಅಂಚು ಶಾರ್ಪ್‌ನೆಸ್‌ನ ಕೊಡುಗೆ. ಬೂದು ಹಿನ್ನೆಲೆಯಲ್ಲಿ ತೆಳು ಕಪ್ಪು ಗೆರೆ ಎಳೆದು, ಅಂಚು ಮಾಯವಾಗುವವರೆಗೆ ಇಳಿಸಿ. ಹಲವು ಟಿವಿಗಳಲ್ಲಿ ಅದು 0ಗೆ ನಿಲ್ಲುತ್ತದೆ, ಸೋನಿಯಲ್ಲಿ ಮಾತ್ರ 50ಕ್ಕೆ. ಅಲ್ಲಿ ಅದಕ್ಕಿಂತ ಇಳಿಸಿದರೆ ಮಸುಕು. ಕಪ್ಪು ಬೂದಿಯಂತೆ ಕಂಡರೆ ಅಥವಾ ಕತ್ತಲ ಭಾಗದ ವಿವರವೆಲ್ಲ ನುಂಗಿಹೋದರೆ ಆರ್‌ಜಿಬಿ ವ್ಯಾಪ್ತಿ (ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳ ಅಳತೆ) ತಾಳೆಯಾಗಿಲ್ಲ. ಕಂಪ್ಯೂಟರ್ ಮತ್ತು ಟಿವಿ ಎರಡರಲ್ಲೂ 'ಫುಲ್', ಅಂದರೆ 0ಯಿಂದ 255, ಇಡಬೇಕು. ಬ್ಯಾಕ್‌ಲೈಟ್ ಮಾತ್ರ ಧಾರಾಳವಾಗಿ ಇಳಿಸಿ. ಅಂಗಡಿಯ ಟ್ಯೂಬ್‌ಲೈಟಿಗೆ ಸೆಡ್ಡು ಹೊಡೆಯಲು ಇಟ್ಟ ಬೆಳಕು ಅದು, ಮೂರಡಿ ದೂರ ಕೂತವರಿಗಲ್ಲ.

ಮೇಜು ಕನಿಷ್ಠ 75 ಸೆಂಟಿಮೀಟರ್ ಆಳವಿರಲಿ. ಪರದೆಯೇ 95 ಸೆಂಟಿಮೀಟರ್ ಅಗಲ. ಕಾಲುಗಳು ಎರಡು ತುದಿಯಲ್ಲಿರುವ ಮಾದರಿಯಾದರೆ ಮೇಜಿನ ಅಗಲವನ್ನೂ ಅಳೆದುಕೊಳ್ಳಿ. ಗೋಡೆಗೆ ವೆಸಾ ಬ್ರಾಕೆಟ್ ಹಾಕುವುದಾದರೆ ಪರದೆಯ ಮೇಲಂಚು ಕಣ್ಣಿಗಿಂತ ತುಸುವೇ ಮೇಲಿರಲಿ, ಇಲ್ಲದಿದ್ದರೆ ಸಂಜೆಗೆ ಕುತ್ತಿಗೆ ಹಿಡಿಯುತ್ತದೆ.

ಸರಿಯಾಗದೇ ಉಳಿದದ್ದು ಒಂದು. ಕಂಪ್ಯೂಟರ್ ಮಲಗಿದರೂ ಟಿವಿ ಮಲಗುವುದಿಲ್ಲ. ಸಿಗ್ನಲ್ ಇಲ್ಲವೆಂದು ಕೆಲ ನಿಮಿಷ ಕಾದು ಆರುತ್ತದೆ, ಎಬ್ಬಿಸಲು ರಿಮೋಟೇ ಬೇಕು. ಬಹುತೇಕ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಿಇಸಿ (ಎಚ್‌ಡಿಎಂಐ ಕೇಬಲ್ ಮೂಲಕವೇ ಟಿವಿಯನ್ನು ಆನ್-ಆಫ್ ಮಾಡಿಸುವ) ಸೌಲಭ್ಯವಿಲ್ಲ, ಹಾಗಾಗಿ ರಿಮೋಟ್ ಈಗ ಕೀಬೋರ್ಡಿನ ಪಕ್ಕದಲ್ಲೇ.